ವರದಿಗೆ ಸಹಿ ಬೀಳುವ ಮುನ್ನ: ವಿಧಿವಿಜ್ಞಾನಕ್ಕೆ ಬೇಕಾದ ಎರಡನೇ ಕಣ್ಣು

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ನಿನಲ್ಲಿ ಮೂರನೆಯದಾಗಿ ಒಂದು ಸಣ್ಣ ಉಪವಿಧಿ ಇದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಆ ಕೆಲಸದ ವಿಡಿಯೊ ಆಗಬೇಕು ಎನ್ನುತ್ತದೆ ಅದು. ಇದನ್ನು ಯಾವ ದಿನದಿಂದ ಜಾರಿಗೆ ತರಬೇಕೆಂದು ಅಧಿಸೂಚಿಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ. ಅಂದರೆ 2029ರ ನಡುಭಾಗದ ಹೊತ್ತಿಗೆ ಕೊಲೆ, ಅತ್ಯಾಚಾರ, ದರೋಡೆಯಂಥ ಪ್ರತಿ ಕಡತದಲ್ಲೂ ಒಬ್ಬ ತಜ್ಞರ ಕೈಗುರುತು ಇರಲೇಬೇಕು.

ಇದುವರೆಗಿನ ಚರ್ಚೆಯೆಲ್ಲ ಎಷ್ಟು ಮೊಬೈಲ್ ವ್ಯಾನ್ ಬೇಕು, ಎಷ್ಟು ಹುದ್ದೆ ತುಂಬಬೇಕು ಎಂಬುದರ ಸುತ್ತಲೇ ನಡೆದಿದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಕಟ್ಟಡ, ಯಂತ್ರ, ಜನ ಎಲ್ಲವೂ ಬೇಕು, ನಿಜ. ಆದರೆ ಈ ತಜ್ಞ ತಪ್ಪಿದರೆ, ಅಥವಾ ಗೊತ್ತಿದ್ದೂ ಸುಳ್ಳು ಬರೆದರೆ, ಯಾರಿಗೆ ಉತ್ತರ ಕೊಡಬೇಕು? ಅವರ ವರದಿಯನ್ನು ಸಹಿಗೆ ಮುನ್ನ ಇನ್ನೊಬ್ಬ ಬಲ್ಲವರು ಓದಿದ್ದಾರೆಯೇ? ಈ ಎರಡು ಪ್ರಶ್ನೆಗಳನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ವೈದ್ಯರ ವಿಷಯದಲ್ಲಿ ಮೊದಲ ಪ್ರಶ್ನೆಗೆ ಕಾಗದದ ಮೇಲಾದರೂ ಉತ್ತರವಿದೆ. ಮರಣೋತ್ತರ ಪರೀಕ್ಷೆ ಮಾಡಿದ, ಗಾಯದ ಪ್ರಮಾಣಪತ್ರ ಕೊಟ್ಟ ವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರು. 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ ಸುಳ್ಳು ಅಥವಾ ದಾರಿತಪ್ಪಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ದುರ್ನಡತೆ; ಅದಕ್ಕಾಗಿ ನೋಂದಣಿಯಿಂದ ಹೆಸರನ್ನೇ ತೆಗೆಯಬಹುದು. ಇದರ ಬದಲಿಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದು, 2002ರದ್ದನ್ನೇ ಮತ್ತೆ ಜಾರಿಗೆ ತರಲಾಯಿತು.

ಪ್ರಯೋಗಾಲಯದ ವಿಜ್ಞಾನಿಯ ಸ್ಥಿತಿ ಬೇರೆ. ಡಿಎನ್‌ಎ, ರಾಸಾಯನಿಕ, ಗುಂಡು, ಕೈಬರಹದ ವರದಿಗೆ ಸಹಿ ಹಾಕಲು ಅವರಿಗೆ ಯಾವ ಪರಿಷತ್ತಿನ ನೋಂದಣಿಯೂ ಬೇಕಿಲ್ಲ. ಸರ್ಕಾರಿ ನೌಕರರಾಗಿದ್ದರೆ ಸೇವಾ ನಿಯಮಗಳ ಇಲಾಖಾ ವಿಚಾರಣೆ ಇದೆ, ಅಷ್ಟೇ. ಕೆಲಸ ಹೋದರೂ ಮರುದಿನವೇ ಖಾಸಗಿ ತಜ್ಞ ಎಂದು ಬೋರ್ಡು ಹಾಕಿಕೊಳ್ಳಲು ಅಡ್ಡಿಯಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಕೇಳುವುದು ವಿಶೇಷ ಪರಿಣತಿಯನ್ನು ಮಾತ್ರ, ಪರವಾನಗಿಯನ್ನಲ್ಲ. ಡಿಎನ್‌ಎ ಪ್ರಯೋಗಾಲಯಗಳಿಗಾದರೂ ಒಂದು ನಿಯಂತ್ರಣ ಮಂಡಳಿ ಆಗಬೇಕೆಂದು 2019ರಲ್ಲಿ ಮಂಡಿಸಿದ್ದ ಮಸೂದೆಯನ್ನು ಕೇಂದ್ರ 2023ರ ಜುಲೈನಲ್ಲಿ ವಾಪಸ್ ಪಡೆಯಿತು. ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆಯಲ್ಲ ಎಂದರೆ, ಅದು ಪ್ರಯೋಗಾಲಯದ ಕಾರ್ಯವಿಧಾನಕ್ಕೆ ಸಿಗುವ ಮಾನ್ಯತೆ. ಸಹಿ ಹಾಕುವ ವ್ಯಕ್ತಿಯ ನಡತೆಯನ್ನು ಅದು ಹಿಡಿದು ಕೇಳುವುದಿಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. ನೋಂದಣಿ ಇರುವ ವೈದ್ಯರು ಸಾಮಾನ್ಯವಾಗಿ ನ್ಯಾಯಾಲಯದ ಕಟಕಟೆಗೆ ಬಂದು ಪಾಟಿ ಸವಾಲು ಎದುರಿಸಬೇಕು. ನೋಂದಣಿಯೇ ಇಲ್ಲದ ಸರ್ಕಾರಿ ವಿಜ್ಞಾನಿಯ ವರದಿಯನ್ನು ಸುರಕ್ಷಾ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ, ಅವರು ಬಾರದೆಯೇ ಸಾಕ್ಷ್ಯವಾಗಿ ಓದಿಕೊಳ್ಳಬಹುದು. ನ್ಯಾಯಾಲಯ ಬೇಕೆಂದರೆ ಮಾತ್ರ ಕರೆಸುತ್ತದೆ. ಜತೆಗೆ 330ನೇ ಸೆಕ್ಷನ್, ಪಕ್ಷಗಾರರಲ್ಲಿ ಯಾರೂ ವರದಿಯನ್ನು ಪ್ರಶ್ನಿಸದಿದ್ದರೆ ತಜ್ಞರನ್ನು ಕರೆಯುವಂತಿಲ್ಲ ಎಂದು ಸೇರಿಸಿದೆ. ಪ್ರಯೋಗಾಲಯದವರ ದಿನಗಳು ನ್ಯಾಯಾಲಯದ ಜಗಲಿಯಲ್ಲಿ ಕಳೆಯಬಾರದೆಂಬ ಉದ್ದೇಶ ಸರಿಯೇ. ಆದರೆ ಎರಡು ಪುಟದ ವರದಿಯಲ್ಲಿ ಪ್ರಶ್ನಿಸಲು ಏನಿದೆ ಎಂದು ಗುರುತಿಸಬಲ್ಲ ವಕೀಲರು ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಹೊರಗಿನ ಕಣ್ಣು ಇಷ್ಟು ದುರ್ಬಲವಾಗಿರುವಾಗ ವೃತ್ತಿಯ ಒಳಗಿನ ಕಣ್ಣೇ ಗತಿ.

ಬಾಟಲಿಯಲ್ಲಿ ಶುರುವಾಗುವ ನೈತಿಕತೆ

ವೃತ್ತಿ ನೈತಿಕತೆ ಎಂದಾಗ ಲಂಚ, ಒತ್ತಡ, ರಾಜಕೀಯ ನೆನಪಾಗುತ್ತವೆ. ಅವು ಇವೆ. ಆದರೆ ಕಡತಗಳಲ್ಲಿ ಹೆಚ್ಚು ಅನ್ಯಾಯ ಆಗುವುದು ಸಣ್ಣ ಲೋಪಗಳಿಂದ, ಮತ್ತು ಆ ಲೋಪವನ್ನು ಬರೆಯದೆ ಬಿಡುವುದರಿಂದ.

ವಿಷಪ್ರಾಶನದ ಶಂಕೆ ಇರುವ ಒಂದು ಶವ ತಾಲ್ಲೂಕು ಆಸ್ಪತ್ರೆಗೆ ಬಂದಿದೆ ಎಂದುಕೊಳ್ಳಿ. ಒಂದು ಅಗಲ ಬಾಯಿಯ ಗಾಜಿನ ಬಾಟಲಿಗೆ ಜಠರ, ಅದರೊಳಗಿದ್ದ ಪದಾರ್ಥ ಮತ್ತು ಸಣ್ಣ ಕರುಳಿನ ಮೇಲ್ಭಾಗದ ಸುಮಾರು 30 ಸೆಂಟಿಮೀಟರ್ ಹೋಗಬೇಕು. ಇನ್ನೊಂದಕ್ಕೆ ಸುಮಾರು 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ. ಬೇರೆ ಸೀಸೆಯಲ್ಲಿ 10ರಿಂದ 20 ಮಿ.ಲೀ. ರಕ್ತ; ಅದನ್ನು ತೊಡೆಯ ರಕ್ತನಾಳದಿಂದ ತೆಗೆದರೆ ಒಳ್ಳೆಯದು, ಏಕೆಂದರೆ ಸಾವಿನ ನಂತರ ಜಠರದಲ್ಲಿರುವ ಮದ್ಯ, ಔಷಧ ಪಕ್ಕದ ಹೃದಯದ ರಕ್ತಕ್ಕೆ ಇಳಿಯುತ್ತವೆ. ಅಂಗಗಳಿಗೆ ಸಂರಕ್ಷಕವಾಗಿ ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರು. ಫಾರ್ಮಲಿನ್ ಹಾಕುವಂತಿಲ್ಲ, ಹಾಕಿದರೆ ಅಂಗಾಂಶ ಗಟ್ಟಿಯಾಗಿ ವಿಷವನ್ನು ಬೇರ್ಪಡಿಸುವುದು ಕಷ್ಟ. ಮದ್ಯದ ಅಂಶ ನೋಡಬೇಕಿದ್ದರೆ ಸ್ಪಿರಿಟ್ ಕೂಡದು. ಬಾಟಲಿ ಮೂರನೇ ಎರಡರಷ್ಟು ಮಾತ್ರ ತುಂಬಬೇಕು, ಇಲ್ಲದಿದ್ದರೆ ಒಳಗೆ ಹುಟ್ಟುವ ಅನಿಲಕ್ಕೆ ಮುಚ್ಚಳ ಹಾರುತ್ತದೆ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಕಳಿಸಬೇಕು. ವಿಷ ನೀರಿನಲ್ಲೇ ಇತ್ತೆಂಬ ವಾದಕ್ಕೆ ಅದೊಂದೇ ಉತ್ತರ. ಕೊನೆಗೆ ಅರಗಿನ ಮುದ್ರೆ, ಮತ್ತು ಆ ಮುದ್ರೆಯ ನಮೂನೆ ಬೇರೆ ಕಾಗದದ ಮೇಲೆ.

ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಹಾಕಬೇಕು, ಮಿಲಿಲೀಟರಿಗೆ ಸುಮಾರು 10 ಮಿ.ಗ್ರಾಂ. ಎಡವುವುದು ಇಲ್ಲೇ. ಫ್ಲೋರೈಡ್ ಸಿಗದೆ ರಕ್ತವನ್ನು ಬರೀ ಸೀಸೆಯಲ್ಲಿ ತುಂಬಿ, ಬೇಸಿಗೆಯಲ್ಲಿ ನಾಲ್ಕೈದು ದಿನ ಠಾಣೆಯ ಕಪಾಟಿನಲ್ಲಿಟ್ಟರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ ಮದ್ಯ ಮಾಡುತ್ತವೆ. ಕುಡಿಯದೇ ಇದ್ದ ಬೈಕ್ ಸವಾರ ವರದಿಯಲ್ಲಿ ಕುಡುಕನಾಗುತ್ತಾನೆ, ಮನೆಯವರ ವಿಮಾ ಹಣಕ್ಕೆ ಕುತ್ತು ಬರುತ್ತದೆ. ಫ್ಲೋರೈಡ್ ಇಲ್ಲದಿರುವುದು ಆಸ್ಪತ್ರೆಯ ಕೊರತೆ, ವೈದ್ಯರ ತಪ್ಪಲ್ಲ. ‘ಸಂರಕ್ಷಕ ಲಭ್ಯವಿರಲಿಲ್ಲ, ಹಾಕಿಲ್ಲ’ ಎಂಬ ಒಂದು ಸಾಲು ಬರೆಯದಿರುವುದು ವೈದ್ಯರ ತಪ್ಪು. ಆ ಸಾಲಿದ್ದರೆ ಪ್ರಯೋಗಾಲಯವೂ ನ್ಯಾಯಾಲಯವೂ ಆ ಅಂಕಿಯನ್ನು ಎಚ್ಚರದಿಂದ ನೋಡುತ್ತವೆ.

ಪ್ರಯೋಗಾಲಯದ ಕಡೆಯ ಲೋಪವೂ ಇಂಥದ್ದೇ. ‘ವಿಷ ಪತ್ತೆಯಾಗಿಲ್ಲ’ ಎಂದು ಬಂದ ಒಂದು ಸಾಲಿನ ವರದಿಯನ್ನು ‘ವಿಷ ಇರಲಿಲ್ಲ’ ಎಂದು ಓದುವುದು ನಮ್ಮಲ್ಲಿ ರೂಢಿ. ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದಿರಬಹುದು, ವ್ಯಕ್ತಿ ದಿನಗಟ್ಟಲೆ ಬದುಕಿದ್ದು ವಿಷ ದೇಹದಿಂದ ಹೊರಹೋಗಿರಬಹುದು. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹುಟ್ಟುವ ಫಾಸ್ಫೀನ್ ಅನಿಲವಾಗಿ ಹಾರಿಹೋಗಿರಬಹುದು. ಇನ್ಸುಲಿನ್ನನ್ನು ಹುಡುಕಬೇಕೆಂದು ಹೇಳದಿದ್ದರೆ ಸಾಮಾನ್ಯ ವಿಷ ತಪಾಸಣೆ ಅದನ್ನು ನೋಡುವುದೇ ಇಲ್ಲ. ಪ್ರಾಮಾಣಿಕ ವರದಿ ಎಂದರೆ ಯಾವ ಯಾವ ವಿಷಗಳಿಗಾಗಿ ನೋಡಿದೆವು, ಯಾವ ವಿಧಾನದಿಂದ, ಕನಿಷ್ಠ ಎಷ್ಟಿದ್ದರೆ ಆ ವಿಧಾನಕ್ಕೆ ಸಿಗುತ್ತದೆ ಎಂಬ ಮೂರನ್ನೂ ಹೇಳುವ ವರದಿ.

ಶವಾಗಾರದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಅನೇಕ ಕಡೆ ಶವವನ್ನು ಸಹಾಯಕರು ಸೀಳುತ್ತಾರೆ, ವೈದ್ಯರು ದೂರ ನಿಂತು ಬರೆದುಕೊಳ್ಳುತ್ತಾರೆ. ಕುತ್ತಿಗೆಯ ಸ್ನಾಯುಗಳನ್ನು ಪದರ ಪದರವಾಗಿ, ರಕ್ತ ಬಸಿದ ಮೇಲೆ, ಕೊನೆಯಲ್ಲಿ ಬಿಡಿಸಬೇಕು. ಮೊದಲೇ ಎಳೆದು ಕೊಯ್ದರೆ ರಕ್ತ ಪದರಗಳಿಗೆ ಹರಡಿ, ಕತ್ತು ಹಿಸುಕಿದ ಗುರುತಿನಂತೆಯೇ ಕಾಣುತ್ತದೆ. ನೇಣು ಹಾಕಿಕೊಂಡವರ ಸಾವು ಕೊಲೆಯಾಗುವುದು, ಕೊಲೆ ನೇಣಾಗುವುದು ಇಲ್ಲೇ. ಸ್ವತಃ ಬಿಡಿಸಿ ನೋಡದಿದ್ದನ್ನು ‘ನಾನು ಕಂಡಂತೆ’ ಎಂದು ಬರೆಯುವುದು, ಎಷ್ಟೇ ರೂಢಿಯಾಗಿದ್ದರೂ, ಸುಳ್ಳು ಪ್ರಮಾಣಪತ್ರವೇ.

ಬದುಕಿರುವವರ ಪರೀಕ್ಷೆಯಲ್ಲಿ ಕಾನೂನು ಹೆಚ್ಚು ಸ್ಪಷ್ಟವಾಗಿದೆ. ಅತ್ಯಾಚಾರ ಸಂತ್ರಸ್ತೆಯ ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2014ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅದನ್ನು ಕೈಬಿಡಲು ಹೇಳಿತು. ಆದರೂ ನಿಲ್ಲದ್ದರಿಂದ 2022ರ ಅಕ್ಟೋಬರ್ 31ರಂದು, ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಕೋರ್ಟ್ ಸಾರಬೇಕಾಯಿತು. ಸುರಕ್ಷಾ ಸಂಹಿತೆಯ 184ನೇ ಸೆಕ್ಷನ್ ಪ್ರಕಾರ ಅತ್ಯಾಚಾರದ ಮಾಹಿತಿ ಬಂದ 24 ಗಂಟೆಯೊಳಗೆ ಸಂತ್ರಸ್ತೆಯನ್ನು ಒಪ್ಪಿಗೆಯೊಂದಿಗೆ ಪರೀಕ್ಷೆಗೆ ಕಳಿಸಬೇಕು; ಪರೀಕ್ಷೆ ಶುರುವಾದ ಮತ್ತು ಮುಗಿದ ನಿಖರ ಸಮಯ, ಪಡೆದ ಒಪ್ಪಿಗೆ, ಪ್ರತಿ ತೀರ್ಮಾನಕ್ಕೂ ಕಾರಣ ಬರೆಯಬೇಕು; ಏಳು ದಿನದೊಳಗೆ ವರದಿ ತನಿಖಾಧಿಕಾರಿಗೆ ಸೇರಬೇಕು. ಪ್ರತಿ ತೀರ್ಮಾನಕ್ಕೂ ಕಾರಣ ಎಂಬ ಮಾತನ್ನು ಒತ್ತಿ ಓದಬೇಕು. ‘ಅತ್ಯಾಚಾರ ನಡೆದಿಲ್ಲ’ ಎಂದು ವೈದ್ಯರು ಬರೆಯುವಂತೆಯೇ ಇಲ್ಲ, ಏಕೆಂದರೆ ಅದು ಕಾನೂನಿನ ತೀರ್ಮಾನ. ಗಾಯ ಇದೆಯೇ, ಇಲ್ಲವೇ, ಗಾಯವಿಲ್ಲದಿರಲು ಏನೇನು ಕಾರಣ ಇರಬಹುದು ಎಂಬಲ್ಲಿಗೆ ವೈದ್ಯಶಾಸ್ತ್ರದ ಗಡಿ ಮುಗಿಯುತ್ತದೆ.

ನಾಲ್ವರು ಒಪ್ಪಿದರೂ ತಪ್ಪಾದದ್ದು

ಎರಡನೇ ಕಣ್ಣು ಎಂದ ಕೂಡಲೇ ‘ನಮ್ಮಲ್ಲಿ ವರದಿಗೆ ಇಬ್ಬರ ಸಹಿ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಎರಡು ಸಹಿ ಇದ್ದ ಮಾತ್ರಕ್ಕೆ ಎರಡು ಕಣ್ಣು ನೋಡಿದಂತಾಗದು. ಇದಕ್ಕೆ ಅತಿ ಸ್ಪಷ್ಟ ಉದಾಹರಣೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಯದು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದವು. ಡಿಟೊನೇಟರುಗಳಿದ್ದ ಚೀಲದ ಮೇಲೆ ಸಿಕ್ಕ ಬೆರಳಚ್ಚು ಒರೆಗನ್ ರಾಜ್ಯದ ಒಬ್ಬ ವಕೀಲರದೆಂದು ಎಫ್‌ಬಿಐ ಹೇಳಿತು. ಅಲ್ಲಿನ ಮೂವರು ಪರೀಕ್ಷಕರು ಒಪ್ಪಿದ್ದರು. ನ್ಯಾಯಾಲಯ ನೇಮಿಸಿದ ಸ್ವತಂತ್ರ ತಜ್ಞರೂ ಹೌದೆಂದರು. ವಕೀಲರು ಬಂಧನದಲ್ಲಿದ್ದಾಗಲೇ ಸ್ಪೇನಿನ ಪೊಲೀಸರು ಅದು ಅಲ್ಜೀರಿಯಾದ ಇನ್ನೊಬ್ಬನದೆಂದು ಗುರುತಿಸಿದರು. ಎರಡನೆಯವರಿಗೆ ಮೊದಲನೆಯವರ ಉತ್ತರ ಗೊತ್ತಿತ್ತು, ಮೂರನೆಯವರಿಗೆ ಇಬ್ಬರದೂ ಗೊತ್ತಿತ್ತು. ಅಚ್ಚಿನಲ್ಲಿ ಮಸುಕಾಗಿದ್ದ ಜಾಗಗಳಲ್ಲಿ, ವಕೀಲರ ಬೆರಳಿನಲ್ಲಿ ಕಂಡದ್ದನ್ನೇ ಅವರೆಲ್ಲ ಹುಡುಕಿ ಕಂಡುಕೊಂಡರು.

ಬ್ರಿಟನ್ನಿನ ಸಂಶೋಧಕ ಇತಿಯೆಲ್ ಡ್ರೋರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಯೋಗಕ್ಕೇ ಒಡ್ಡಿದರು. ಐವರು ಅನುಭವಿ ಬೆರಳಚ್ಚು ತಜ್ಞರಿಗೆ ವರ್ಷಗಳ ಹಿಂದೆ ಅವರೇ ‘ಹೊಂದುತ್ತದೆ’ ಎಂದು ತೀರ್ಮಾನಿಸಿದ್ದ ಜೋಡಿಗಳನ್ನೇ ಕೊಟ್ಟು, ಇದು ಮ್ಯಾಡ್ರಿಡ್‌ನಲ್ಲಿ ಎಫ್‌ಬಿಐ ತಪ್ಪು ಮಾಡಿದ ಜೋಡಿ ಎಂದು ಹೇಳಿದರು. ಐವರಲ್ಲಿ ನಾಲ್ವರು ತಮ್ಮ ಹಳೆಯ ತೀರ್ಮಾನ ಬದಲಿಸಿದರು. 2011ರಲ್ಲಿ, ಒಂದು ನೈಜ ಮೊಕದ್ದಮೆಯ, ಹಲವರ ಗುರುತು ಬೆರೆತ ಮಿಶ್ರ ಡಿಎನ್‌ಎ ದತ್ತಾಂಶವನ್ನು ಪ್ರಕರಣದ ಹಿನ್ನೆಲೆ ಹೇಳದೆ 17 ವಿಶ್ಲೇಷಕರಿಗೆ ಕೊಟ್ಟಾಗ ಮೂಲ ವರದಿಯನ್ನು ಒಪ್ಪಿದ್ದು ಒಬ್ಬರು ಮಾತ್ರ. ಇವರಲ್ಲಿ ಯಾರೂ ಭ್ರಷ್ಟರಲ್ಲ, ದಡ್ಡರೂ ಅಲ್ಲ. ಪ್ರಾಮಾಣಿಕ ಮನಸ್ಸು ಹೀಗೇ ಕೆಲಸ ಮಾಡುತ್ತದೆ. ಹಾಗಾಗಿ ಪ್ರಾಮಾಣಿಕತೆಯ ಪ್ರಮಾಣವಚನ ಎಷ್ಟು ಗಟ್ಟಿಯಾಗಿದ್ದರೂ ಇದನ್ನು ತಡೆಯಲಾರದು.

ತಡೆಯುವುದು ಕೆಲಸದ ಕ್ರಮ. ಮೊದಲು ಘಟನಾ ಸ್ಥಳದ ಅಚ್ಚನ್ನೋ ಡಿಎನ್‌ಎ ರೇಖಾಚಿತ್ರವನ್ನೋ ಮಾತ್ರ ನೋಡಿ, ಕಂಡ ಗುರುತುಗಳನ್ನು ಬರೆದು, ದಿನಾಂಕ ಹಾಕಿ ಮುಚ್ಚಬೇಕು. ಆಮೇಲೆ ಆರೋಪಿಯ ಮಾದರಿ ತೆರೆಯಬೇಕು. ಅದನ್ನು ನೋಡಿದ ಮೇಲೆ ಮೊದಲ ಟಿಪ್ಪಣಿಗೆ ಏನಾದರೂ ಸೇರಿಸಿದರೆ ಬೇರೆ ಬಣ್ಣದಲ್ಲಿ, ಕಾರಣದ ಸಮೇತ. ಎರಡನೇ ಪರೀಕ್ಷಕರಿಗೆ ಮೊದಲಿನವರ ಉತ್ತರವನ್ನಾಗಲಿ ಹೆಸರನ್ನಾಗಲಿ ತಿಳಿಸಬಾರದು. ತನಿಖಾಧಿಕಾರಿಯ ಪತ್ರವನ್ನು ಪ್ರಯೋಗಾಲಯದ ಸ್ವೀಕೃತಿ ವಿಭಾಗದಲ್ಲೇ ಇಟ್ಟುಕೊಂಡು, ಪರೀಕ್ಷೆಗೆ ಬೇಕಾದಷ್ಟು ಮಾಹಿತಿ ಮಾತ್ರ ಒಳಗೆ ಕಳಿಸಬೇಕು. ನಮ್ಮ ಪತ್ರಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂಬುದರಿಂದ ಹಿಡಿದು ಇಡೀ ಕೇಸಿನ ಕಥೆಯೇ ಇರುತ್ತದೆ. ರಾಸಾಯನಿಕ ಪರೀಕ್ಷೆಗೆ ಅದು ಯಾಕೆ ಬೇಕು? ಹೊಸ ಯಂತ್ರ ಕೊಳ್ಳದೆ ನಾಳೆಯಿಂದಲೇ ಮಾಡಬಹುದಾದ ಬದಲಾವಣೆ ಇದು.

ಸಹವೃತ್ತಿಗರ ನಡುವಿನ ಬಾಂಧವ್ಯ ತಪ್ಪಾಗಿ ಅರ್ಥವಾದಾಗ ಏನಾಗುತ್ತದೆಂದು ಮ್ಯಾಸಚೂಸೆಟ್ಸ್ ರಾಜ್ಯದ ಹಿಂಟನ್ ಪ್ರಯೋಗಾಲಯ ತೋರಿಸಿತು. ಅಲ್ಲಿನ ಒಬ್ಬ ರಸಾಯನ ವಿಶ್ಲೇಷಕಿ ಮಾದಕ ವಸ್ತುಗಳನ್ನು ಪರೀಕ್ಷಿಸದೆಯೇ, ಕಣ್ಣಂದಾಜಿನಲ್ಲಿ ನೋಡಿ ಫಲಿತಾಂಶ ಬರೆಯುತ್ತಿದ್ದರು. ಇಲ್ಲದ ಸ್ನಾತಕೋತ್ತರ ಪದವಿ ಇದೆಯೆಂದೂ ಹೇಳಿಕೊಂಡಿದ್ದರು. 2012ರಲ್ಲಿ ಪ್ರಯೋಗಾಲಯವನ್ನೇ ಮುಚ್ಚಲಾಯಿತು, 2013ರಲ್ಲಿ ಆಕೆ ತಪ್ಪೊಪ್ಪಿಕೊಂಡರು, 2017ರಲ್ಲಿ 21,000ಕ್ಕೂ ಹೆಚ್ಚು ಪ್ರಕರಣಗಳು ಒಂದೇ ಏಟಿಗೆ ವಜಾ ಆದವು. ಬೇರೆಯವರಿಗಿಂತ ಎಷ್ಟೋ ಪಟ್ಟು ವೇಗವಾಗಿ ಮಾದರಿ ಮುಗಿಸುತ್ತಿದ್ದುದು ಅಲ್ಲಿ ಹೊಗಳಿಕೆಯ ವಿಷಯವಾಗಿತ್ತು. ಸಹೋದ್ಯೋಗಿಗಳಿಗೆ ಅನುಮಾನವಿತ್ತು, ಕೆಲವರು ಮೇಲಿನವರಿಗೆ ಹೇಳಿಯೂ ಇದ್ದರು. ಬಾಕಿ ಮಾದರಿಗಳ ಗುಡ್ಡೆ ಕರಗುತ್ತಿದೆ ಎಂಬ ಸಮಾಧಾನದಲ್ಲಿ ಅದು ಅಲ್ಲಿಗೇ ನಿಂತಿತು. ನಮ್ಮಲ್ಲೂ ಬಾಕಿ ಮಾದರಿಗಳೇ ದೊಡ್ಡ ತಲೆನೋವು. ತಿಂಗಳಿಗೆ ಎಷ್ಟು ಮುಗಿಸಿದರು ಎಂಬುದೊಂದೇ ಅಳತೆಯಾದರೆ ಅದೇ ದಾರಿಗೆ ನಾವೂ ಬೀಳುತ್ತೇವೆ.

ಹೇಳದೇ ಉಳಿದದ್ದು

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣವನ್ನು ಇಲ್ಲಿನ ನ್ಯಾಯವೈದ್ಯ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಓದಿಸಬೇಕು. ಎರಡು ಹಸುಗೂಸುಗಳನ್ನು ಕೊಂದರೆಂದು 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಹಿರಿಯ ಮಕ್ಕಳ ತಜ್ಞ ರಾಯ್ ಮೆಡೋ, ಆಕೆಯದರಂಥ ಕುಟುಂಬದಲ್ಲಿ ಎರಡು ಮಕ್ಕಳು ಸಹಜವಾಗಿ ತೊಟ್ಟಿಲಲ್ಲೇ ಸಾಯುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು ಎಂದು ಸಾಕ್ಷಿ ನುಡಿದರು. ಒಂದು ಸಾವಿನ ಸಾಧ್ಯತೆ 8,543ರಲ್ಲಿ ಒಂದು ಎಂದಿಟ್ಟುಕೊಂಡು ಅದನ್ನು ಅದರಿಂದಲೇ ಗುಣಿಸಿ ಬಂದ ಸಂಖ್ಯೆ ಅದು. ಹೀಗೆ ಗುಣಿಸಲು ಎರಡು ಸಾವುಗಳಿಗೂ ಒಂದಕ್ಕೊಂದು ಸಂಬಂಧವೇ ಇರಬಾರದು. ಒಂದೇ ತಾಯ್ತಂದೆ, ಒಂದೇ ಮನೆ, ಒಂದೇ ವಂಶವಾಹಿ ಇರುವಾಗ ಅದು ಹೇಗೆ ಸಾಧ್ಯ? ಅದಕ್ಕಿಂತ ದೊಡ್ಡ ತಪ್ಪು, ಆ ಸಂಖ್ಯೆಯನ್ನು ಆಕೆ ನಿರಪರಾಧಿಯಾಗಿರುವ ಸಾಧ್ಯತೆ ಎಂದು ಕೇಳಿಸಿಕೊಂಡದ್ದು. ಇಬ್ಬರು ಮಕ್ಕಳನ್ನು ತಾಯಿಯೇ ಕೊಲ್ಲುವುದೂ ಅತ್ಯಂತ ಅಪರೂಪ. ಹೋಲಿಸಬೇಕಾದದ್ದು ಆ ಎರಡು ಅಪರೂಪಗಳನ್ನು. ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಈ ಲೆಕ್ಕವನ್ನು ಬಹಿರಂಗವಾಗಿ ತಳ್ಳಿಹಾಕಿತು. ಬೇರೆ ವೃತ್ತಿಯ ಬಲ್ಲವರು ನ್ಯಾಯಾಲಯದ ಹೊರಗಿನಿಂದ ಎದ್ದು ನಿಂತ ಅಪರೂಪದ ಸಂದರ್ಭ ಅದು.

ಆದರೆ 2003ರ ಜನವರಿಯಲ್ಲಿ ಆಕೆಯ ಬಿಡುಗಡೆಗೆ ಮುಖ್ಯ ಕಾರಣವಾದದ್ದು ಲೆಕ್ಕವಲ್ಲ. ಎರಡನೇ ಮಗುವಿನ ದೇಹದಲ್ಲಿ ಸೋಂಕಿನ ಬ್ಯಾಕ್ಟೀರಿಯಾ ಇದ್ದುದನ್ನು ತೋರಿಸಿದ ಪ್ರಯೋಗಾಲಯದ ಫಲಿತಾಂಶ ಶವಪರೀಕ್ಷೆ ಮಾಡಿದ ವೈದ್ಯರ ಬಳಿಯೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ತನ್ನ ಅಭಿಪ್ರಾಯಕ್ಕೆ ಅದು ಮುಖ್ಯವಲ್ಲ ಎಂದು ತಜ್ಞರಿಗೆ ಅನ್ನಿಸಬಹುದು. ಹಾಗೆ ಅನ್ನಿಸಿದ್ದನ್ನೂ ಬರೆಯಬೇಕು, ಫಲಿತಾಂಶವನ್ನೂ ಕೊಡಬೇಕು. ಮೆಡೋ ಅವರ ಹೆಸರನ್ನು ವೈದ್ಯ ಪರಿಷತ್ತು 2005ರಲ್ಲಿ ತೆಗೆದುಹಾಕಿದ್ದನ್ನು ನ್ಯಾಯಾಲಯ 2006ರಲ್ಲಿ ರದ್ದುಮಾಡಿತು. ಅವರದು ಗಂಭೀರ ದುರ್ನಡತೆಯಲ್ಲ ಎಂದಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನು ಒಪ್ಪಿತು, ಆದರೆ ಒಂದು ಬಾಗಿಲು ತೆರೆದಿಟ್ಟಿತು. ಸಾಕ್ಷಿಕಟ್ಟೆಯಲ್ಲಿ ನುಡಿದದ್ದು ಎಂಬ ಕಾರಣಕ್ಕೆ ತಜ್ಞರು ತಮ್ಮ ವೃತ್ತಿ ಪರಿಷತ್ತಿನ ವಿಚಾರಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು.

ಭಾರತದಲ್ಲಿ ಈ ಹೇಳದೇ ಉಳಿಯುವ ಭಾಗ ಹೆಚ್ಚಾಗಿ ಮುದ್ದೆಮಾಲಿನ, ಅಂದರೆ ವಶಪಡಿಸಿಕೊಂಡ ಸಾಕ್ಷ್ಯವಸ್ತುಗಳ ಪ್ರಯಾಣದಲ್ಲಿ ಇರುತ್ತದೆ. ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ ನಡೆದ ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಮೂವರಿಗೆ ಮರಣದಂಡನೆ ಆಗಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿದಾಗ ಕೊಟ್ಟ ಕಾರಣಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸೇರಿದ್ದು. ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ (ವಸ್ತುಗಳನ್ನಿಡುವ ಕೋಣೆಯಲ್ಲೇ) ಇದ್ದವು, ಕೈವಾಡ ನಡೆದಿರುವ ಸಾಧ್ಯತೆ ಅಲ್ಲಗಳೆಯಲಾಗದು. ಡಿಎನ್‌ಎ ವರದಿಯ ತೀರ್ಮಾನಕ್ಕೆ ಆಧಾರವೇನು ಎಂಬುದನ್ನು ಕೆಳಗಿನ ಎರಡೂ ನ್ಯಾಯಾಲಯಗಳು ಪರಿಶೀಲಿಸಲೇ ಇಲ್ಲ. ಕೊಲೆಯಾದ ಹುಡುಗಿಗೂ ನ್ಯಾಯ ಸಿಗಲಿಲ್ಲ, ಆರೋಪಿಗಳು ವರ್ಷಗಟ್ಟಲೆ ನೇಣಿನ ನೆರಳಲ್ಲಿದ್ದರು.

ಇಂಥ ಸರಣಿಯ ನಂತರ 2025ರ ಜುಲೈನಲ್ಲಿ, ತಮಿಳುನಾಡಿನ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳಿಗೆ ದೇಶಾದ್ಯಂತ ಅನ್ವಯಿಸುವ ಕ್ರಮ ಹಾಕಿಕೊಟ್ಟಿತು. ಮಾದರಿ ತೆಗೆದ ದಾಖಲೆಯ ಮೇಲೆ ವೈದ್ಯರು, ತನಿಖಾಧಿಕಾರಿ, ಸ್ವತಂತ್ರ ಸಾಕ್ಷಿಗಳ ಸಹಿ ಇರಬೇಕು. 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ತಡವಾದರೆ ಕಾರಣ ಬರೆಯಬೇಕು. ವಿಚಾರಣೆ ನಡೆಯುತ್ತಿರುವಾಗ ನ್ಯಾಯಾಲಯದ ಅನುಮತಿ ಇಲ್ಲದೆ ಪೊಟ್ಟಣ ತೆರೆಯಬಾರದು. ಸಂಗ್ರಹದಿಂದ ಹಿಡಿದು ಶಿಕ್ಷೆ ಅಥವಾ ಖುಲಾಸೆಯವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರ್ ಇಟ್ಟು ಅದನ್ನು ನ್ಯಾಯಾಲಯದ ದಾಖಲೆಗೆ ಸೇರಿಸಬೇಕು. ಕೆಲಸ ಕೆಡುವುದು ಇದಕ್ಕೂ ಮುಂಚೆ, ಪೊಟ್ಟಣ ಕಟ್ಟುವಾಗ. ರಕ್ತ ಅಂಟಿದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ತೇವದಲ್ಲಿ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ, ಗಾಳಿಗೆ ಒಣಗಿಸಿ, ಕಾಗದದ ಕವರಿನಲ್ಲಿ, ಒಂದೊಂದನ್ನೂ ಬೇರೆ ಬೇರೆಯಾಗಿ ಇಡಬೇಕು. ಪ್ರತಿ ವಸ್ತುವಿಗೂ ಕೈಗವಸು ಬದಲಿಸಬೇಕು. 48 ಗಂಟೆಯ ಗಡುವಿಗಾಗಿ ಒಣಗಿಸದೆ ಕಳಿಸುವ ಆತುರವೂ ಈಗ ಹೊಸ ಅಪಾಯ.

ಬೆಂಗಳೂರು ಕಲಿತ ಪಾಠ

ವಿಜ್ಞಾನದ ಹೆಸರಿನಲ್ಲಿ ವೈದ್ಯರೂ ವಿಜ್ಞಾನಿಯೂ ಕೂಡಿ ಗೆರೆ ದಾಟಿದ ಪ್ರಕರಣ ನಮ್ಮ ರಾಜ್ಯದ ಹೆಸರಿನಲ್ಲೇ ಕಾನೂನು ಪುಸ್ತಕಗಳಲ್ಲಿದೆ. 2000ದ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಶಂಕಿತರಿಗೆ ಸೋಡಿಯಂ ಪೆಂಟೊಥಾಲ್ ಕೊಟ್ಟು ಅರೆಪ್ರಜ್ಞೆಯಲ್ಲಿ ಪ್ರಶ್ನಿಸಿದ ದೃಶ್ಯಗಳು ಟಿವಿಯಲ್ಲಿ ಬಂದವು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆ ಮಾಡುವುದು ತನ್ನ ವಿರುದ್ಧವೇ ಸಾಕ್ಷಿ ನುಡಿಯಲು ಯಾರನ್ನೂ ಒತ್ತಾಯಿಸಬಾರದೆನ್ನುವ ಸಂವಿಧಾನದ 20(3) ಮತ್ತು ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಗಳಿಗೆ ವಿರುದ್ಧ ಎಂದಿತು. ಒಪ್ಪಿಗೆಯಿಂದ ಮಾಡಿದರೂ ಹೇಳಿದ ಮಾತು ತಾನೇ ಸಾಕ್ಷ್ಯವಾಗದು. ಅದರಿಂದ ಸಿಕ್ಕ ವಸ್ತುವಷ್ಟೇ ಲೆಕ್ಕಕ್ಕೆ. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಕೋರ್ಟ್ ಇದನ್ನೇ ಮತ್ತೆ ನೆನಪಿಸಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ನ್ಯಾಯಾಲಯಕ್ಕಲ್ಲ, ವೃತ್ತಿಗೆ. ಪೆಂಟೊಥಾಲ್ ಸತ್ಯ ಹೊರಡಿಸುವ ಔಷಧವಲ್ಲ. ಅದು ಹಿಡಿತ ಸಡಿಲಿಸುತ್ತದೆ. ಆಗ ಬರುವ ಮಾತಿನಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರೇ ಸೂಚಿಸಿದ ಉತ್ತರ ಎಲ್ಲವೂ ಬೆರೆತಿರುತ್ತವೆ. ಡೋಸು ಸ್ವಲ್ಪ ಹೆಚ್ಚಾದರೆ ಉಸಿರಾಟವೇ ನಿಲ್ಲಬಹುದು, ಅದಕ್ಕೇ ಅರಿವಳಿಕೆ ತಜ್ಞರು ಪಕ್ಕದಲ್ಲಿರಬೇಕು. ರೋಗಿಗೆ ಯಾವ ಪ್ರಯೋಜನವೂ ಇಲ್ಲದ, ಅಪಾಯವಿರುವ ಔಷಧವನ್ನು ಒಪ್ಪಿಗೆ ಇಲ್ಲದೆ ಕೊಡಬಾರದೆಂದು ಹೇಳಲು ಅರಿವಳಿಕೆ ತಜ್ಞರಿಗೂ ನ್ಯಾಯವೈದ್ಯರಿಗೂ ಸುಪ್ರೀಂ ಕೋರ್ಟ್ ಬೇಕಿರಲಿಲ್ಲ. ಅವರ ಸಂಘಗಳು ಅಂದೇ ಒಟ್ಟಾಗಿ ಗಟ್ಟಿದನಿಯಲ್ಲಿ ಹೇಳಬಹುದಿತ್ತು. ಕೊನೆಗೆ ಆ ಮಾತು ಬಂದದ್ದು ನ್ಯಾಯಪೀಠದಿಂದ.

ಸಹವೃತ್ತಿಗರ ಕೂಟ ಏನು ಮಾಡಬಲ್ಲದು

ಅಮೆರಿಕನ್ ಅಕಾಡೆಮಿ ಆಫ್ ಫೊರೆನ್ಸಿಕ್ ಸೈನ್ಸಸ್ 1948ರಲ್ಲಿ ಶುರುವಾಯಿತು. ವೈದ್ಯರು, ರಸಾಯನ ವಿಜ್ಞಾನಿಗಳು, ವಕೀಲರು, ದಂತವೈದ್ಯರು, ಮಾನವಶಾಸ್ತ್ರಜ್ಞರು ಒಂದೇ ಸೂರಿನಡಿ ಇರುವುದು ಅದರ ಬಲ. ಅದರ ನೀತಿಸಂಹಿತೆಯ ತಿರುಳು ಬಹಳ ಚಿಕ್ಕದು: ವಿದ್ಯೆ ಮತ್ತು ಅನುಭವದ ಬಗ್ಗೆ ಸುಳ್ಳು ಹೇಳಬೇಡ, ಅಭಿಪ್ರಾಯದ ಆಧಾರವಾದ ದತ್ತಾಂಶವನ್ನು ತಿರುಚಬೇಡ, ಅಕಾಡೆಮಿಯ ಹೆಸರಿನಲ್ಲಿ ಅನುಮತಿಯಿಲ್ಲದೆ ಮಾತಾಡಬೇಡ, ಕೂಟಕ್ಕೆ ಕುಂದು ತರಬೇಡ. ಅಲ್ಲಿ ಫೆಲೊ ಎನ್ನುವುದು ಸದಸ್ಯತ್ವದ ಮೇಲಿನ ಮೆಟ್ಟಿಲು, ಅದು ಪರವಾನಗಿಯಲ್ಲ. ಹೊರಹಾಕಿದರೆ ಮಾನ ಹೋಗುತ್ತದೆ, ಕೆಲಸ ಹೋಗಬೇಕೆಂದಿಲ್ಲ. ಅಷ್ಟು ಹಳೆಯ ಕೂಟ ಇದ್ದೂ ಅಮೆರಿಕದಲ್ಲಿ ಹಿಂಟನ್ ಆಯಿತು, ಮ್ಯಾಡ್ರಿಡ್ ಬೆರಳಚ್ಚಿನ ತಪ್ಪೂ ಆಯಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ, ಡಿಎನ್‌ಎ ಬಿಟ್ಟರೆ ಹೋಲಿಕೆಯ ಬೇರಾವ ವಿಧಾನವೂ ಒಂದು ಗುರುತು ಇಂಥವರದೇ ಎಂದು ಖಚಿತವಾಗಿ ಹೇಳಬಲ್ಲುದೆಂದು ಕಠಿಣ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ ಎಂದು ನೇರವಾಗಿ ಹೇಳಬೇಕಾಯಿತು.

ಬ್ರಿಟನ್ನಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಧಿವಿಜ್ಞಾನಕ್ಕೆ ಒಬ್ಬ ನಿಯಂತ್ರಕರಿದ್ದಾರೆ. 2021ರ ಕಾಯ್ದೆ ಅವರಿಗೆ ಕಾನೂನಿನ ಬಲ ಕೊಟ್ಟಿತು, ಅವರ ಸಂಹಿತೆ 2023ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಶಂಕಾಸ್ಪದ ಸಾವಿನ ಶವಪರೀಕ್ಷೆಯನ್ನು ಗೃಹ ಇಲಾಖೆಯ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು, ಮತ್ತು ವರದಿ ಹೊರಹೋಗುವ ಮುನ್ನ ಪಟ್ಟಿಯಲ್ಲಿರುವ ಇನ್ನೊಬ್ಬ ವೈದ್ಯರು ಅದರ ಮುಖ್ಯ ತೀರ್ಮಾನಗಳನ್ನು ಪರಿಶೀಲಿಸಬೇಕು. ಸಾವಿನ ಕಾರಣ ಶವಪರೀಕ್ಷೆಯಲ್ಲಿ ಕಂಡ ಅಂಶಗಳಿಂದ ಹೊರಡುತ್ತದೆಯೇ, ಬೇರೆ ವಿವರಣೆಗಳನ್ನು ಪರಿಗಣಿಸಿದ್ದಾರೆಯೇ ಎಂಬುದಷ್ಟೇ ಅವರು ನೋಡುವುದು. ಸಹವೃತ್ತಿಗರ ಬಾಂಧವ್ಯದ ನಿಜವಾದ ಉಪಯೋಗ ಇದು.

ನಮ್ಮಲ್ಲಿ 1972ರಿಂದ ಇಂಡಿಯನ್ ಅಕಾಡೆಮಿ ಆಫ್ ಫೊರೆನ್ಸಿಕ್ ಮೆಡಿಸಿನ್ ಇದೆ, ಸಮ್ಮೇಳನಗಳೂ ಪತ್ರಿಕೆಯೂ ಇವೆ. ಇರದಿರುವುದು ವರದಿ ಓದುವ ಪರಿಪಾಠ. ಇದಕ್ಕೆ ಹೊಸ ಕಾನೂನು ಬರಲಿ ಎಂದು ಕಾಯಬೇಕಿಲ್ಲ. ವೈದ್ಯಕೀಯ ಕಾಲೇಜು ಇರುವ ಪ್ರತಿ ಜಿಲ್ಲೆಯಲ್ಲಿ ತಿಂಗಳಿಗೊಮ್ಮೆ, ತಾಲ್ಲೂಕು ಆಸ್ಪತ್ರೆಗಳಿಂದ ಹತ್ತು ಮರಣೋತ್ತರ ವರದಿಗಳನ್ನು ಚೀಟಿ ಎತ್ತಿ ಆರಿಸಬಹುದು. ಹೆಸರು, ಠಾಣೆ, ಬರೆದ ವೈದ್ಯರ ಗುರುತು ಮುಚ್ಚಿ ನ್ಯಾಯವೈದ್ಯ ವಿಭಾಗದ ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಬೇಕು. ನೋಡಬೇಕಾದದ್ದು ಇಷ್ಟು: ಗಾಯಗಳ ಅಳತೆ, ಜಾಗ, ಬಣ್ಣ ಬರೆದಿದೆಯೇ, ಫೋಟೊ ಅಳತೆಪಟ್ಟಿ ಇಟ್ಟು ತೆಗೆದದ್ದೇ, ಸಾವಿನ ಸಮಯಕ್ಕೆ ಅಂತರ ಕೊಟ್ಟಿದ್ದಾರೆಯೇ ಅಥವಾ ಒಂದೇ ಗಂಟೆಯನ್ನು ಹೆಸರಿಸಿದ್ದಾರೆಯೇ, ಸಂರಕ್ಷಕ ಯಾವುದು, ಅಂಗಾಂಗಗಳ ವರದಿಗಾಗಿ ಕಾದಿರಿಸಿದ ಅಂತಿಮ ಅಭಿಪ್ರಾಯವನ್ನು ಆಮೇಲೆ ಕೊಟ್ಟಿದ್ದಾರೆಯೇ. ಕೊನೆಯದನ್ನು ಬಹಳ ಕಡೆ ಮರೆತೇ ಬಿಡುತ್ತಾರೆ. ಪ್ರಯೋಗಾಲಯದ ವರದಿ ಠಾಣೆಯ ಕಡತ ಸೇರುತ್ತದೆ, ವೈದ್ಯರಿಗೆ ತಲುಪುವುದೇ ಇಲ್ಲ. ತೀರ್ಮಾನವೇ ತಪ್ಪೆಂದು ಇಬ್ಬರೂ ಕಂಡರೆ ಮೂಲ ವೈದ್ಯರು ಹೆಚ್ಚುವರಿ ಅಭಿಪ್ರಾಯ ಬರೆದು ತನಿಖಾಧಿಕಾರಿಗೂ ನ್ಯಾಯಾಲಯಕ್ಕೂ ಕಳಿಸಬೇಕು. ಹಳೆಯ ವರದಿಯನ್ನು ತಿದ್ದುವುದಾಗಲಿ ಹರಿಯುವುದಾಗಲಿ ಕೂಡದು, ಎರಡೂ ಕಡತದಲ್ಲಿರಬೇಕು.

ಪ್ರಯೋಗಾಲಯಗಳಲ್ಲಿ ಇದಕ್ಕೆ ಸಮನಾದದ್ದು ಗುಪ್ತ ಮಾದರಿ. ನಿಜವಾದ ಕೇಸಿನಂತೆಯೇ ಕಾಣುವ, ಉತ್ತರ ಮೊದಲೇ ಗೊತ್ತಿರುವ ಪೊಟ್ಟಣವನ್ನು ವಿಶ್ಲೇಷಕರಿಗೆ ತಿಳಿಯದಂತೆ ಸಾಲಿಗೆ ಸೇರಿಸುವುದು. ಪರೀಕ್ಷೆ ಎಂದು ಗೊತ್ತಿದ್ದರೆ ಎಲ್ಲರೂ ಎಚ್ಚರದಿಂದ ಇರುತ್ತಾರೆ. ಹಿಂಟನ್‌ನಂಥ ವಂಚನೆ ಸಿಕ್ಕಿಬೀಳುವುದು ಗೊತ್ತಿಲ್ಲದಾಗ ಮಾತ್ರ.

ಆರೋಪಿಗಾಗಲಿ ಸಂತ್ರಸ್ತರ ಕುಟುಂಬಕ್ಕಾಗಲಿ ಇಂದಿನ ಕಾನೂನಿನಲ್ಲೇ ಒಂದು ದಾರಿ ಇದೆ. ಸುರಕ್ಷಾ ಸಂಹಿತೆಯ 230ನೇ ಸೆಕ್ಷನ್ ಪ್ರಕಾರ ಆರೋಪಿ ಹಾಜರಾದ 14 ದಿನದೊಳಗೆ ದೋಷಾರೋಪ ಪಟ್ಟಿಯ ದಾಖಲೆಗಳನ್ನು ಕೊಡಬೇಕು. ಅದರಲ್ಲಿ ಸಾಮಾನ್ಯವಾಗಿ ಬರುವುದು ವರದಿಯ ಅಂತಿಮ ಪುಟಗಳು. ವಕೀಲರು ಮೊದಲ ದಿನವೇ ಇನ್ನೂ ನಾಲ್ಕನ್ನು ಕೇಳಿ ಅರ್ಜಿ ಹಾಕಬೇಕು: ವಿಶ್ಲೇಷಕರ ಮೇಜಿನ ಟಿಪ್ಪಣಿಗಳು, ಡಿಎನ್‌ಎ ಆದರೆ ಯಂತ್ರದಿಂದ ಬಂದ ಮೂಲ ರೇಖಾಚಿತ್ರ, ಆ ದಿನ ಯಂತ್ರದಲ್ಲಿ ಓಡಿಸಿದ, ಯಾರ ಡಿಎನ್‌ಎಯೂ ಇರಬಾರದ ಖಾಲಿ ಮಾದರಿಯ ಫಲಿತಾಂಶ, ಮತ್ತು ಮಾದರಿ ಕೈಬದಲಾದ ರಿಜಿಸ್ಟರಿನ ಪ್ರತಿ. ಖಾಲಿ ಮಾದರಿಯಲ್ಲೂ ಯಾರದೋ ಡಿಎನ್‌ಎ ಕಂಡಿದ್ದರೆ ಅಂತಿಮ ಪುಟದಲ್ಲಿ ಏನೇ ಬರೆದಿರಲಿ, ಆ ತಜ್ಞರನ್ನು ಕಟಕಟೆಗೆ ಕರೆಸಲು 330ನೇ ಸೆಕ್ಷನ್ ಕೇಳುವ ತಕರಾರು ಅಲ್ಲೇ ಸಿಕ್ಕಿತು.